ಎರಡು ಸಾವಿರ ರೂಪಾಯಿಯಲ್ಲಿ ಎಕ್ಸೆಲ್ ಕಲಿತು ಕೆಲಸಕ್ಕೆ ಸೇರಿದ್ದು

ಹೋದ ತಿಂಗಳು ದಾವಣಗೆರೆಯಲ್ಲಿ ಪಂಪ್‌ಸೆಟ್ ಮತ್ತು ಪೈಪ್ ವ್ಯಾಪಾರ ಮಾಡುವವರ ಆಫೀಸಿನಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಆಗಿ ಸೇರಿದೆ. ಸಂಬಳ 15,000. ಇದಕ್ಕೆ ಮುಂಚೆ ನಮ್ಮೂರ ಹತ್ತಿರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದೆ, 8,500 ಕೊಡುತ್ತಿದ್ದರು. ಆ ಕೆಲಸಕ್ಕೂ ಈ ಕೆಲಸಕ್ಕೂ ನಡುವೆ ನಾನು ಹೊಸದಾಗಿ ಕಲಿತದ್ದು ಎಕ್ಸೆಲ್ ಒಂದೇ. ವಿಷಯ ಗೊತ್ತಾದ ಮೇಲೆ ಜೊತೆಯಲ್ಲಿ ಓದಿದವರು, ಅವರ ತಂಗಿಯರು ಎಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಯಾವ ಕ್ಲಾಸಿಗೆ ಹೋಗಿದ್ದೆ, ಫೀಸ್ ಎಷ್ಟಾಯ್ತು?" ನಾನು ಕ್ಲಾಸಿಗೆ ಹೋಗಲೇ ಇಲ್ಲ. ಹೇಗೆ ಕಲಿತೆ, ಎಲ್ಲಿ ತಡವಾಯಿತು, ದುಡ್ಡು ಎಲ್ಲೆಲ್ಲಿ ಖರ್ಚಾಯಿತು ಅಂತ ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಹಾಗೆ ಹಳ್ಳಿಯಲ್ಲಿದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದು, ಬಿ.ಕಾಂ. ಮುಗಿಸಿ ಸುಮ್ನೆ ಮನೆಯಲ್ಲಿ ಇರುವವರಿಗೆ ಉಪಯೋಗವಾಗಲಿ.

ನಾನು ಬಿ.ಕಾಂ. ಮುಗಿಸಿದ್ದು 2016ರಲ್ಲಿ. ಕಾಲೇಜಿನಲ್ಲಿ ಕಂಪ್ಯೂಟರ್ ಒಂದು ಪೇಪರ್ ಇತ್ತು, ಆದರೆ ಲ್ಯಾಬಿನಲ್ಲಿ ಒಂದು ಕಂಪ್ಯೂಟರ್ ಮುಂದೆ ನಾಲ್ಕೈದು ಜನ ನಿಲ್ಲುತ್ತಿದ್ದೆವು. ಆಮೇಲೆ ಮದುವೆ, ಮಗಳು. ಅವಳು ಅಂಗನವಾಡಿಗೆ ಹೋಗಲು ಶುರು ಮಾಡಿದ ಮೇಲೆ ಬಟ್ಟೆ ಅಂಗಡಿಗೆ ಸೇರಿದ್ದು. ಅಲ್ಲಿ ಬಿಡುವು ಸಿಕ್ಕಾಗ ಕೆಲಸದ ಜಾಹೀರಾತು ನೋಡುತ್ತಿದ್ದೆ. ಅಕೌಂಟ್ಸ್ ಕೆಲಸ ಯಾವುದೇ ಇರಲಿ, ಕೊನೆಗೆ ಒಂದು ಸಾಲು ಇದ್ದೇ ಇರುತ್ತಿತ್ತು: ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮತ್ತು ಎಕ್ಸೆಲ್ ಗೊತ್ತಿರಬೇಕು. ಡೆಬಿಟ್ಟು ಕ್ರೆಡಿಟ್ಟು ನನಗೆ ಚೆನ್ನಾಗಿ ಗೊತ್ತು. ಬಿಲ್ಲಿಂಗ್ ಸಾಫ್ಟ್‌ವೇರ್ ಕೈಗೆ ಅಭ್ಯಾಸ ಇತ್ತು. ಬಾಕಿ ಇದ್ದಿದ್ದು ಎಕ್ಸೆಲ್.

ಮೊದಲು ಹೋಗಿದ್ದು ಒಂದು ಖಾಸಗಿ ಕಂಪ್ಯೂಟರ್ ಸೆಂಟರಿಗೆ. ಬೇಸಿಕ್‌ಗೆ 3,500, ಅಡ್ವಾನ್ಸ್ಡ್‌ಗೆ 5,000, ಸರ್ಟಿಫಿಕೇಟಿಗೆ ಬೇರೆ 600 ಅಂದರು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಏನೇನು ಹೇಳಿಕೊಡ್ತೀರಿ ಅಂತ ಕೇಳಿದ್ದಕ್ಕೆ ಒಂದು ಹಾಳೆ ಕೊಟ್ಟರು. ಬೇಸಿಕ್ ಕೋರ್ಸಿನ ಅರ್ಧ ಭಾಗ ಅಕ್ಷರ ದಪ್ಪ ಮಾಡುವುದು, ಬಣ್ಣ ಹಾಕುವುದು, ಪ್ರಿಂಟ್ ತೆಗೆಯುವುದರಲ್ಲೇ ಹೋಗುತ್ತಿತ್ತು. ಫೀಸಿನ ಅರ್ಧ ಮುಂಚೆಯೇ ಕಟ್ಟಬೇಕು, ಬಿಟ್ಟರೆ ವಾಪಸ್ ಇಲ್ಲ. ಯೋಚನೆ ಮಾಡಿ ಹೇಳ್ತೀನಿ ಅಂತ ಬಂದೆ. ನೀವು ಕ್ಲಾಸಿಗೆ ಸೇರುವುದಾದರೆ ಸೇರಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆ ಹಾಳೆ ಇಸ್ಕೊಂಡು ಅದರಲ್ಲಿ ಲುಕಪ್ (ಪಟ್ಟಿಯಿಂದ ಬೇಕಾದ್ದನ್ನು ಹುಡುಕಿ ತರುವುದು), ಸಮ್-ಇಫ್ಸ್ (ಷರತ್ತು ಹಾಕಿ ಕೂಡುವುದು), ಪಿವಟ್ ಟೇಬಲ್ (ದೊಡ್ಡ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೆಗೆಯುವುದು) ಎಷ್ಟು ಗಂಟೆ ಇದೆ ಅಂತ ನೋಡಿ. ಇಂಟರ್‌ವ್ಯೂನಲ್ಲಿ ಕೇಳುವುದು ಅವನ್ನೇ.

ಗೆಳತಿಯೊಬ್ಬಳು ಆರ್‌ಸೆಟಿ ಬಗ್ಗೆ ಹೇಳಿದಳು. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟಿ ಮಾದರಿಯಲ್ಲೇ ಈಗ ಬ್ಯಾಂಕುಗಳು ಜಿಲ್ಲೆಗಳಲ್ಲಿ ಈ ತರಬೇತಿ ಸಂಸ್ಥೆಗಳನ್ನು ನಡೆಸುತ್ತವೆ. ಗ್ರಾಮೀಣ ಭಾಗದವರಿಗೆ ತರಬೇತಿ, ಊಟ, ವಸತಿ ಎಲ್ಲ ಉಚಿತ. ಕಂಪ್ಯೂಟರ್ ಅಕೌಂಟಿಂಗ್ ಕೋರ್ಸೂ ಇದೆ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿಯ ಜೆರಾಕ್ಸ್, ಫೋಟೋ ರೆಡಿ ಇಟ್ಟುಕೊಂಡರೆ ಸಾಕು. ನನಗೆ ಅದು ಹೊಂದಲಿಲ್ಲ. ಮಗಳನ್ನು ಬಿಟ್ಟು ಅಷ್ಟು ದಿನ ಹೊರಗೆ ಇರಲು ಸಾಧ್ಯವಿರಲಿಲ್ಲ, ಅಂಗಡಿಯಲ್ಲಿ ರಜೆಯೂ ಸಿಗುತ್ತಿರಲಿಲ್ಲ. ಮದುವೆಯಾಗದವರು, ಅಥವಾ ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಜನ ಇರುವವರು ಮೊದಲು ಅಲ್ಲಿ ವಿಚಾರಿಸಿ. ನಿಮ್ಮ ಜಿಲ್ಲೆಯಲ್ಲಿ ಬ್ಯಾಚ್ ಯಾವಾಗ ಅಂತ ಮುಂಚೆಯೇ ಹೆಸರು ಬರೆಸಿ ಬನ್ನಿ, ಬ್ಯಾಚ್ ತುಂಬುವ ತನಕ ಕಾಯಬೇಕಾಗುತ್ತದೆ.

ಹಾಗಾಗಿ ನನಗೆ ಉಳಿದಿದ್ದು ಫೋನು. ಗೂಗಲ್ ಶೀಟ್ಸ್ ಆ್ಯಪ್ ಉಚಿತ. ಮೈಕ್ರೋಸಾಫ್ಟ್‌ನ ಎಕ್ಸೆಲ್ ಆ್ಯಪ್ ಕೂಡ ಫೋನಿನಲ್ಲಿ ದುಡ್ಡಿಲ್ಲದೆ ಬಳಸಬಹುದು, ಒಂದು ಅಕೌಂಟ್ ಮಾಡಿಕೊಂಡರೆ ಆಯಿತು. ಆದರೆ ಫೋನಿನ ಪುಟ್ಟ ಕೀಬೋರ್ಡಿನಲ್ಲಿ ಫಾರ್ಮುಲಾ ಬರೆಯುವುದು ಬಹಳ ಹಿಂಸೆ. ಒಂದು ಬ್ರಾಕೆಟ್ ಹುಡುಕಲು ಎರಡು ಸಲ ಪುಟ ಬದಲಿಸಬೇಕು. ನಮ್ಮ ಮನೆಯವರು ಮೊಬೈಲ್ ಅಂಗಡಿಯಲ್ಲಿ ಕೇಳಿ ಫೋನಿಗೆ ಕೀಬೋರ್ಡ್ ಜೋಡಿಸುವ ಒಂದು ಓಟಿಜಿ ಕೇಬಲ್ ತಂದರು, 90 ರೂಪಾಯಿ. ಅದಕ್ಕೆ ಸಾಮಾನ್ಯ ಯುಎಸ್‌ಬಿ ಕೀಬೋರ್ಡ್ ಒಂದು, 380 ರೂಪಾಯಿ. ಫೋನನ್ನು ಡಬ್ಬಕ್ಕೆ ಒರಗಿಸಿಟ್ಟು ಕೀಬೋರ್ಡ್ ಚುಚ್ಚಿದರೆ ಬಾಣದ ಕೀಲಿ, ಕಾಪಿ, ಪೇಸ್ಟ್ ಎಲ್ಲ ಕಂಪ್ಯೂಟರಿನ ಹಾಗೇ ನಡೆಯುತ್ತದೆ. ಲ್ಯಾಪ್‌ಟಾಪ್ ಇಲ್ಲ ಅಂತ ಕೈಬಿಟ್ಟವರಿಗೆ ನಾನು ಮೊದಲು ಹೇಳುವುದು ಈ ವಿಷಯವನ್ನೇ. ಓಟಿಜಿ ನಿಮ್ಮ ಫೋನಿಗೆ ಕೆಲಸ ಮಾಡುತ್ತದಾ ಅಂತ ಅಂಗಡಿಯಲ್ಲೇ ಚುಚ್ಚಿ ನೋಡಿಕೊಂಡು ತನ್ನಿ.

ಎರಡನೆಯ ಆಸರೆ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯ. ಈಗ ಅದನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. ಎಲ್ಲ ಊರಿನಲ್ಲೂ ಇದೆಯೋ ಇಲ್ಲವೋ, ನಮ್ಮಲ್ಲಿ ಕಂಪ್ಯೂಟರ್ ಇತ್ತು. ಮೇಲ್ವಿಚಾರಕರು ಒಳ್ಳೆಯವರು. "ಬಾರಮ್ಮ, ಮಕ್ಕಳು ಸ್ಕೂಲಿಂದ ಬರೋದರೊಳಗೆ ಕೂತ್ಕೋ, ಆಮೇಲೆ ಅವರಿಗೆ ಬಿಡಬೇಕು" ಅಂದರು. ಅಂಗಡಿಗೆ ವಾರದ ರಜೆ ಇದ್ದ ದಿನ ಅಲ್ಲಿ ಕೂರುತ್ತಿದ್ದೆ. ಆ ಕಂಪ್ಯೂಟರಿನಲ್ಲಿ ಎಕ್ಸೆಲ್ ಇರಲಿಲ್ಲ, ಲಿಬ್ರೆ ಆಫೀಸ್ ಕ್ಯಾಲ್ಕ್ ಇತ್ತು. ಅದೂ ಉಚಿತ. ನೋಡಲು ಸ್ವಲ್ಪ ಬೇರೆ, ಮೆನುಗಳು ಬೇರೆ ಜಾಗದಲ್ಲಿ ಇರುತ್ತವೆ, ಆದರೆ ಮುಖ್ಯ ಫಾರ್ಮುಲಾಗಳು ಅವೇ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಅಂತ ಇದೆ, ಅದರಲ್ಲಿ ಕ್ಯಾಲ್ಕ್ ಪಾಠಗಳು ಕನ್ನಡದಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ. ಚಿಕ್ಕ ಚಿಕ್ಕ ವಿಡಿಯೊ. ಒಂದು ನೋಡಿ ನಿಲ್ಲಿಸಿ ಅದನ್ನೇ ಮಾಡಿ ನೋಡುವ ಹಾಗೆ ಮಾಡಿದ್ದಾರೆ. ನನಗೆ ಕೂಡುವುದು, ಕಳೆಯುವುದು, ಸಾರ್ಟ್, ಫಿಲ್ಟರ್ ಎಲ್ಲ ಬಂದಿದ್ದು ಅದರಿಂದಲೇ.

ಇಷ್ಟಾದರೂ ಒಂದು ತಿಂಗಳ ಮೇಲೆ ನೋಡಿದರೆ ಏನೂ ಬಂದ ಹಾಗೆ ಅನ್ನಿಸಲಿಲ್ಲ. ವಿಡಿಯೊದಲ್ಲಿ ಹತ್ತು ಸಾಲಿನ ಪಟ್ಟಿ ಇರುತ್ತದೆ, ಎಲ್ಲ ಹೆಸರೂ ಸರಿ, ಎಲ್ಲ ತಾರೀಕೂ ಸರಿ. ಅವರು ಮಾಡಿದ ಹಾಗೆ ಮಾಡಿದರೆ ಉತ್ತರ ಬರುತ್ತದೆ. ಮಾರನೆ ದಿನ ಮರೆತುಹೋಗುತ್ತದೆ. ರಾತ್ರಿ ಮಗಳು ಮಲಗಿದ ಮೇಲೆ ಕೂತು ಕಲಿಯಬೇಕು, ಕರೆಂಟ್ ಹೋದರೆ ಫೋನ್ ಚಾರ್ಜ್ ಇರುವುದಿಲ್ಲ. ಅತ್ತೆ ಒಂದು ದಿನ ಕೇಳಿದರು, "ಅಷ್ಟೊತ್ತು ಕೂತು ಏನ್ ಮಾಡ್ತಿದೀಯಮ್ಮ, ಇದರಿಂದ ಏನಾದ್ರೂ ಬರುತ್ತಾ?" ಬೇಸರದಿಂದ ಕೇಳಿದ್ದಲ್ಲ, ನನ್ನ ಕಣ್ಣಿನ ಚಿಂತೆ ಅವರಿಗೆ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದಾರಿ ತೆರೆದಿದ್ದು ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ. ಸಂಘದ ಪ್ರತಿನಿಧಿ ಅಕ್ಕ ವರ್ಷದ ಲೆಕ್ಕ ಕೂಡಿಸಲು ನನ್ನನ್ನು ಕರೆದಿದ್ದರು, ಬಿ.ಕಾಂ. ಓದಿದವಳು ಅಂತ. ಕ್ಯಾಲ್ಕುಲೇಟರ್ ಹಿಡಿದು ಕೂಡುವ ಬದಲು ಇದನ್ನೇ ಶೀಟಿಗೆ ಹಾಕಿದರೆ ಹೇಗೆ ಅನ್ನಿಸಿತು. ಅಕ್ಕನ ಒಪ್ಪಿಗೆ ಕೇಳಿದೆ, ಸಂಘದ ಸಭೆಯಲ್ಲೂ ಹೇಳಿದೆವು. ವಾರದ ಉಳಿತಾಯ, ಸಾಲ, ಬಡ್ಡಿ, ಕಟ್ಟಿದ ಅಸಲು, ಎಲ್ಲ ಕೈಬರಹದಲ್ಲಿ, ಕೆಲವು ಕಡೆ ಹೊಡೆದು ಮೇಲೆ ಬರೆದದ್ದು. ನಿಜವಾದ ಲೆಕ್ಕ ಅಂದರೆ ಹೀಗೇ ಇರುತ್ತದೆ, ಅಲ್ವಾ. ನಾನು ಎಕ್ಸೆಲ್ ಕಲಿತಿದ್ದು ಇದರ ಮೇಲೆ.

ಮೊದಲ ತೊಡಕು ಬಡ್ಡಿಯದ್ದು. ನೂರಕ್ಕೆ ತಿಂಗಳಿಗೆ 2 ರೂಪಾಯಿ. ಆ 2ನ್ನು ಶೀಟಿನ ಮೇಲೆ ಒಂದು ಮನೆಯಲ್ಲಿ (ಸೆಲ್) ಬರೆದು, ಪ್ರತಿ ಸದಸ್ಯೆಯ ಸಾಲಕ್ಕೆ ಗುಣಿಸುವ ಫಾರ್ಮುಲಾ ಹಾಕಿ ಕೆಳಗೆ ಎಳೆದರೆ, ಮೊದಲ ಸಾಲು ಮಾತ್ರ ಸರಿ, ಉಳಿದದ್ದೆಲ್ಲ ಸೊನ್ನೆ. ಫಾರ್ಮುಲಾ ಕೆಳಗೆ ಹೋದಂತೆ ಬಡ್ಡಿ ದರದ ಮನೆಯನ್ನು ಬಿಟ್ಟು ಅದರ ಕೆಳಗಿನ ಖಾಲಿ ಮನೆ ನೋಡುತ್ತದೆ. ಆ ವಿಳಾಸಕ್ಕೆ ಡಾಲರ್ ಗುರುತು ಹಾಕಿ ಕಟ್ಟಿಹಾಕಬೇಕು. ಕಂಪ್ಯೂಟರಿನಲ್ಲಿ ಎಫ್4 ಒತ್ತಿದರೆ ತಾನೇ ಬರುತ್ತದೆ. ಇದನ್ನು ವಿಡಿಯೊದಲ್ಲಿ ಮೊದಲೇ ನೋಡಿದ್ದೆ, ಆದರೆ ಅದು ಯಾಕೆ ಬೇಕು ಅಂತ ತಲೆಗೆ ಹೋಗಿದ್ದು ಆ ಸೊನ್ನೆಗಳನ್ನು ನೋಡಿದಾಗ.

ಆಮೇಲೆ ಹೆಸರು. ನಮ್ಮ ಸಂಘದಲ್ಲಿ ಗಂಗಮ್ಮ ಅನ್ನುವವರೇ ಇಬ್ಬರು. ಒಬ್ಬರ ಸಾಲ ತೀರಿತ್ತು, ಇನ್ನೊಬ್ಬರದ್ದು ಬಾಕಿ. ವಿ-ಲುಕಪ್ ಹಾಕಿ ಹೆಸರಿನಿಂದ ಬಾಕಿ ತಂದರೆ ಇಬ್ಬರಿಗೂ ಒಂದೇ ಮೊತ್ತ ಬಂತು. ವಿ-ಲುಕಪ್ ಮೇಲಿನಿಂದ ಹುಡುಕಿಕೊಂಡು ಬಂದು ಮೊದಲು ಸಿಕ್ಕಿದ್ದನ್ನೇ ಕೊಟ್ಟು ನಿಲ್ಲುತ್ತದೆ. ಎರಡನೆಯವರು ಇದ್ದಾರೆ ಅಂತ ಅದು ಹೇಳುವುದಿಲ್ಲ. ಅದಕ್ಕೇ ಪ್ರತಿಯೊಬ್ಬರಿಗೂ ಒಂದು ಸದಸ್ಯೆ ನಂಬರ್ ಕೊಟ್ಟು, ನಂಬರಿನಿಂದ ಹುಡುಕುವ ಹಾಗೆ ಮಾಡಿದೆ. ಇನ್ನೊಂದು ವಿಷಯ ಇಲ್ಲೇ ಹೇಳುತ್ತೇನೆ. ವಿ-ಲುಕಪ್‌ನ ಕೊನೆಯಲ್ಲಿ ಸೊನ್ನೆ ಅಥವಾ ಫಾಲ್ಸ್ ಹಾಕಲೇಬೇಕು. ಖಾಲಿ ಬಿಟ್ಟರೆ ಅದು ಸರಿಯಾದ ಹೆಸರು ಸಿಗದಿದ್ದರೂ ಹತ್ತಿರದ್ದು ಯಾವುದೋ ಒಂದನ್ನು ತಂದು ಕೊಡುತ್ತದೆ. ನೋಡುವವರಿಗೆ ಉತ್ತರ ಸರಿ ಇದ್ದ ಹಾಗೇ ಕಾಣುತ್ತದೆ. ಲೆಕ್ಕದ ಕೆಲಸದಲ್ಲಿ ಇದಕ್ಕಿಂತ ಅಪಾಯ ಇನ್ನೊಂದಿಲ್ಲ.

ಎಲ್ಲ ತುಂಬಿ ಮುಗಿಸಿದ ಮೇಲೆ ಶೀಟಿನ ಮೊತ್ತಕ್ಕೂ ಪುಸ್ತಕದ ಮೊತ್ತಕ್ಕೂ 90 ರೂಪಾಯಿ ವ್ಯತ್ಯಾಸ. ನಮ್ಮ ಕಾಲೇಜಿನ ಅಕೌಂಟೆನ್ಸಿ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು, ವ್ಯತ್ಯಾಸ ಒಂಬತ್ತರಿಂದ ಭಾಗ ಹೋದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು ಅಂತ. 90 ಭಾಗ ಹೋಗುತ್ತದೆ. ಪುಟ ಪುಟ ತಿರುಗಿಸಿ ಹುಡುಕಿದೆವು. ಒಂದು ಪುಟದ ಕೊನೆಯ ಮೊತ್ತ 1,450 ಇದ್ದದ್ದು ಮುಂದಿನ ಪುಟದ ಮೇಲೆ 1,540 ಆಗಿತ್ತು. ಮುಂದಿನ ಸಭೆಯಲ್ಲಿ ಫೋನ್ ಹಿಡಿದು ಒಬ್ಬೊಬ್ಬರ ಬಾಕಿ ಓದುತ್ತಾ ಹೋದೆ. ಅವರು ತಮ್ಮ ತಮ್ಮ ಪಾಸ್‌ಬುಕ್ ನೋಡಿ ಹೂಂ, ಹೂಂ ಅನ್ನುತ್ತಾ ಬಂದರು. ಎಲ್ಲ ತಾಳೆಯಾಯಿತು. ಪ್ರತಿನಿಧಿ ಅಕ್ಕ ಏನೂ ಹೇಳದೆ ಎದ್ದು ಬಂದು ನನ್ನ ಬೆನ್ನು ತಟ್ಟಿದರು. ಈ ಕೆಲಸ ನನಗೆ ಮಾಡಲು ಬರುತ್ತದೆ ಅಂತ ನನಗೆ ಮೊದಲ ಸಲ ಅನ್ನಿಸಿದ್ದು ಅವತ್ತು.

ಹಾಗಾಗಿ ನನ್ನ ಮುಖ್ಯ ಸಲಹೆ ಇದು. ವಿಡಿಯೊದ ಅಚ್ಚುಕಟ್ಟಾದ ಪಟ್ಟಿ ಬಿಡಿ, ಒಂದು ನಿಜವಾದ ಲೆಕ್ಕ ಹುಡುಕಿಕೊಳ್ಳಿ. ಹಾಲಿನ ಡೈರಿಯ ಚೀಟಿ, ಮನೆ ಕಟ್ಟಿದ ಖರ್ಚು, ಚಿಕ್ಕಪ್ಪನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಯಾವುದಾದರೂ ಸರಿ. ಬೇರೆಯವರ ಲೆಕ್ಕ ಆದರೆ ಕೇಳಿ ತೆಗೆದುಕೊಳ್ಳಿ, ಆಧಾರ್ ನಂಬರ್, ಬ್ಯಾಂಕ್ ನಂಬರ್ ಅದರಲ್ಲಿ ಹಾಕಬೇಡಿ. ಗ್ರಂಥಾಲಯ ಅಥವಾ ಸೈಬರ್ ಸೆಂಟರಿನಲ್ಲಿ ಕೂತರೆ ಎದ್ದು ಬರುವಾಗ ನಿಮ್ಮ ಅಕೌಂಟಿನಿಂದ ಲಾಗೌಟ್ ಮಾಡಿ ಬನ್ನಿ.

ಪಿವಟ್ ಟೇಬಲ್‌ಗೆ ಸಂಘದ ಲೆಕ್ಕ ಸಾಲಲಿಲ್ಲ, ಅದಕ್ಕೆ ದೊಡ್ಡ ಪಟ್ಟಿ ಬೇಕು. ಕೇಂದ್ರ ಸರ್ಕಾರದ ವೆಬ್‌ಸೈಟ್ ಅಗ್‌ಮಾರ್ಕ್‌ನೆಟ್‌ನಲ್ಲಿ ಎಪಿಎಂಸಿ ಮಾರುಕಟ್ಟೆಗಳ ದಿನದಿನದ ದರ ಸಿಗುತ್ತದೆ. ಕ್ವಿಂಟಾಲಿಗೆ ಕನಿಷ್ಠ, ಗರಿಷ್ಠ, ಮತ್ತು ಜಾಸ್ತಿ ಮಾಲು ಮಾರಾಟವಾದ ದರ. ನಮ್ಮ ಮನೆಯಲ್ಲೂ ಮೆಕ್ಕೆಜೋಳ ಬೆಳೆಯುತ್ತೇವೆ, ಹಾಗಾಗಿ ದಾವಣಗೆರೆ ಮಾರುಕಟ್ಟೆಯ ಮೆಕ್ಕೆಜೋಳ ಇಳಿಸಿಕೊಂಡೆ. ಪಿವಟ್ ಹಾಕಿ ತಿಂಗಳುವಾರು ಸರಾಸರಿ ತೆಗೆದಾಗ, ಕೊಯ್ಲಿನ ಹೊತ್ತಿಗೆ ದರ ಎಷ್ಟು ಇಳಿಯುತ್ತದೆ ಅಂತ ಒಂದೇ ನೋಟಕ್ಕೆ ಕಂಡಿತು. ಮಾವ ಹತ್ತಿರ ಕೂತು ನೋಡಿದರು. ಫೋನಿನ ಆ್ಯಪ್‌ನಲ್ಲಿ ನನಗೆ ಪಿವಟ್ ಮಾಡಲು ಆಗಲಿಲ್ಲ, ಇದಕ್ಕೆ ಕಂಪ್ಯೂಟರೇ ಬೇಕಾಯಿತು. ಗ್ರಂಥಾಲಯದಲ್ಲಿ ಮಕ್ಕಳು ಬಂದ ಮೇಲೆ ಜಾಗ ಬಿಡಬೇಕಲ್ಲ, ಆಗ ದಾವಣಗೆರೆಯ ಸೈಬರ್ ಸೆಂಟರಿಗೆ ಹೋಗುತ್ತಿದ್ದೆ. ಗಂಟೆಗೆ 40 ರೂಪಾಯಿ. ಬಸ್ಸಿಗೆ ಖರ್ಚಿಲ್ಲ, ಶಕ್ತಿ ಯೋಜನೆಯ ಸೊನ್ನೆ ಟಿಕೆಟ್. ಆದರೆ ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಸರ್ಕಾರಿ ಬಸ್ಸಿಗೆ ಕಾದು ನಿಲ್ಲಬೇಕು. ಸೈಬರ್ ಸೆಂಟರಿನಲ್ಲಿ ನಿಜವಾದ ಎಕ್ಸೆಲ್ ಇತ್ತು. ಕ್ಯಾಲ್ಕ್‌ನಲ್ಲಿ ಕಲಿತವರು ಇಂಟರ್‌ವ್ಯೂಗೆ ಮುಂಚೆ ಒಂದಷ್ಟು ಗಂಟೆಯಾದರೂ ಎಕ್ಸೆಲ್ ಮುಂದೆ ಕೂರಿ, ಯಾವ ಬಟನ್ ಎಲ್ಲಿದೆ ಅಂತ ಕಣ್ಣಿಗೆ ರೂಢಿಯಾಗಬೇಕು. ಇಂಟರ್‌ನೆಟ್ ಚೆನ್ನಾಗಿರುವ ಕಂಪ್ಯೂಟರ್ ಸಿಕ್ಕರೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಬ್ರೌಸರ್‌ನಲ್ಲೇ ಎಕ್ಸೆಲ್ ಉಚಿತವಾಗಿ ತೆರೆಯಬಹುದು.

ನಮ್ಮ ದೂರದ ಸಂಬಂಧಿಯೊಬ್ಬರು ಆಡಿಟರ್ ಆಫೀಸಿನಲ್ಲಿ ಗುಮಾಸ್ತರು. ಅವರನ್ನು ಕೇಳಿದೆ, "ಮಾಮಾ, ಆಫೀಸಿನಲ್ಲಿ ನಿಜವಾಗಿ ಯಾವ ಕೆಲಸ ಎಕ್ಸೆಲ್‌ನಲ್ಲಿ ಮಾಡ್ತೀರಿ?" ಅವರು ಹೇಳಿದ್ದು ನನಗೆ ಬಹಳ ಉಪಯೋಗವಾಯಿತು. ಪ್ರತಿ ತಿಂಗಳು 14ನೇ ತಾರೀಕು ಜಿಎಸ್‌ಟಿ ವೆಬ್‌ಸೈಟಿನಲ್ಲಿ ಖರೀದಿ ಬಿಲ್ಲುಗಳ ಪಟ್ಟಿ, ಜಿಎಸ್‌ಟಿಆರ್-2ಬಿ ಬರುತ್ತದೆ. ನಮಗೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳು ಅದರಲ್ಲಿ ಇರುತ್ತವೆ. ಅದನ್ನು ಎಕ್ಸೆಲ್‌ನಲ್ಲಿ ಇಳಿಸಿಕೊಂಡು ನಮ್ಮ ಖರೀದಿ ಪುಸ್ತಕದ ಜೊತೆ ತಾಳೆ ನೋಡಬೇಕು. ಯಾರದ್ದು ಬಂದಿಲ್ಲವೋ ಅವರಿಗೆ ಫೋನ್ ಮಾಡಬೇಕು, ಇಲ್ಲದಿದ್ದರೆ ಆ ತೆರಿಗೆ ನಮಗೆ ವಾಪಸ್ ಸಿಗುವುದಿಲ್ಲ. ಅಂಗಡಿ, ಮಿಲ್ಲು, ಡೀಲರ್, ಎಲ್ಲ ಕಡೆ ಈ ಕೆಲಸ ಇದೆ. ಇದನ್ನು ಮಾಡಬಲ್ಲೆ ಅಂದರೆ ಅರ್ಧ ಕೆಲಸ ಸಿಕ್ಕ ಹಾಗೆ ಅಂದರು ಮಾಮಾ.

ಅವರೇ ಜಿಎಸ್‌ಟಿ ನಂಬರ್ ಬಿಡಿಸಿ ತೋರಿಸಿದರು. 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಹಾಗಾಗಿ ಲೆಫ್ಟ್ ಫಾರ್ಮುಲಾದಿಂದ ಎರಡಕ್ಷರ ತೆಗೆದು 29 ಇದೆಯಾ ಅಂತ ಇಫ್‌ನಲ್ಲಿ ಕೇಳಿದರೆ ಮಾಲು ನಮ್ಮ ರಾಜ್ಯದವರಿಂದ ಬಂತೋ ಹೊರಗಿನವರಿಂದ ಬಂತೋ ಗೊತ್ತಾಗುತ್ತದೆ. ಮಿಡ್ ಫಾರ್ಮುಲಾಗೆ ಮೂರನೇ ಅಕ್ಷರದಿಂದ ಹತ್ತು ತಗೋ ಅಂದರೆ ಪ್ಯಾನ್ ಬರುತ್ತದೆ. ಅಕ್ಷರ ಎಣಿಸುವ ಲೆನ್ ಹಾಕಿ 15 ಬರದಿದ್ದರೆ ನಂಬರ್ ತಪ್ಪು. ಲೆಫ್ಟ್, ಮಿಡ್, ಲೆನ್ ಯಾಕೆ ಕಲಿಯಬೇಕು ಅಂತ ಅಲ್ಲಿಯವರೆಗೆ ನನಗೆ ಯಾವ ವಿಡಿಯೊದಿಂದಲೂ ಗೊತ್ತಾಗಿರಲಿಲ್ಲ.

ಇನ್ನೊಂದು ಎಚ್ಚರಿಕೆ. ಬ್ಯಾಂಕ್ ಖಾತೆ ನಂಬರ್, ಆಧಾರ್ ಇಂಥ ಉದ್ದದ ಅಂಕಿಗಳನ್ನು ಸುಮ್ನೆ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ಸಂಖ್ಯೆ ಅಂತ ತಿಳಿಯುತ್ತದೆ. 12 ಅಂಕಿ ಆದರೆ 1.23ಇ+11 ಅಂತ ಏನೋ ತೋರಿಸುತ್ತದೆ. ಮೊದಲಲ್ಲಿ ಸೊನ್ನೆ ಇದ್ದರೆ ಹಾರಿಸಿಬಿಡುತ್ತದೆ. 15 ಅಂಕಿ ದಾಟಿದರೆ ಮುಂದಿನ ಅಂಕಿಗಳನ್ನೇ ಸೊನ್ನೆ ಮಾಡುತ್ತದೆ, ಅದನ್ನು ಮತ್ತೆ ವಾಪಸ್ ತರಲು ಆಗುವುದಿಲ್ಲ. ಟೈಪ್ ಮಾಡುವ ಮುಂಚೆಯೇ ಆ ಕಾಲಂ ಅನ್ನು ಟೆಕ್ಸ್ಟ್ ಅಂತ ಬದಲಿಸಿ.

ಕೆಲಸ ಹುಡುಕುವ ಹೊತ್ತಿಗೆ ಬೇರೆ ತರಹದ ತೊಂದರೆ ಶುರುವಾಯಿತು. ಮನೆಯಿಂದಲೇ ಡೇಟಾ ಎಂಟ್ರಿ, ತಿಂಗಳಿಗೆ 25,000 ಅಂತ ಮೆಸೇಜ್ ಬಂತು. ಫೋನಿನಲ್ಲಿ ಬಹಳ ಗೌರವದಿಂದ ಮಾತಾಡಿದರು, ಕೊನೆಗೆ ನೋಂದಣಿಗೆ 1,500 ಕಟ್ಟಿ ಅಂದರು. ಅಲ್ಲಿಗೇ ಫೋನ್ ಇಟ್ಟೆ. ಇದೇ ತರಹ ದುಡ್ಡು ಕಟ್ಟಿದ ನಮ್ಮೂರ ಹುಡುಗಿಯೊಬ್ಬಳಿಗೆ ಆಮೇಲೆ ಕೆಲಸದಲ್ಲಿ ತಪ್ಪು ಇದೆ, ದಂಡ ಕಟ್ಟಿ, ಇಲ್ಲದಿದ್ದರೆ ಕೋರ್ಟ್ ನೋಟಿಸ್ ಅಂತ ಹೆದರಿಸಿದ್ದಾರೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಅದು ಕೆಲಸವೇ ಅಲ್ಲ. ಕಟ್ಟಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ಕೆಲವು ಕಡೆ ಅನುಭವ ಇಲ್ಲ ಅಂತ ಬಾಗಿಲಲ್ಲೇ ವಾಪಸ್ ಕಳಿಸಿದರು. ಒಂದು ಕಡೆ ಮಾತ್ರ ಸರ್ಟಿಫಿಕೇಟ್ ಕೇಳಿದರು. ಬೇಕೇ ಬೇಕು ಅನ್ನುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆ ನೈಲಿಟ್‌ನ ಸಿಸಿಸಿ ಅನ್ನುವ ಕಂಪ್ಯೂಟರ್ ಪರೀಕ್ಷೆ ಇದೆ. ಕ್ಲಾಸಿಗೆ ಸೇರದೆ ನೇರವಾಗಿ ಬರೆಯಬಹುದು, ಸ್ಪ್ರೆಡ್‌ಶೀಟ್ ಅದರ ಒಂದು ಭಾಗ. ನಾನು ಬರೆಯಲಿಲ್ಲ. ಬದಲಿಗೆ ರೆಸ್ಯೂಮೆ ತಿದ್ದಿದೆ. ಮೊದಲು ಅದರಲ್ಲಿ ಎಂಎಸ್ ಆಫೀಸ್ ಗೊತ್ತಿದೆ ಅಂತ ಒಂದೇ ಸಾಲು ಇತ್ತು, ಎಲ್ಲರ ರೆಸ್ಯೂಮೆಯಲ್ಲೂ ಇರುವ ಸಾಲು. ಅದನ್ನು ತೆಗೆದು, ಸ್ವಸಹಾಯ ಸಂಘದ ಒಂದು ವರ್ಷದ ಉಳಿತಾಯ ಮತ್ತು ಸಾಲದ ಲೆಕ್ಕ ಎಕ್ಸೆಲ್‌ಗೆ ತಂದಿದ್ದೇನೆ, ಖರೀದಿ ಪುಸ್ತಕ ಮತ್ತು 2ಬಿ ತಾಳೆ ಮಾಡಲು ಬರುತ್ತದೆ, ಪಿವಟ್‌ನಿಂದ ತಿಂಗಳ ವರದಿ ತೆಗೆಯುತ್ತೇನೆ ಅಂತ ಬರೆದೆ. ಸಂಘದ ಶೀಟಿನಿಂದ ಹೆಸರುಗಳನ್ನು ತೆಗೆದು ಒಂದು ಪ್ರಿಂಟ್ ಜೊತೆಗೆ ಇಟ್ಟುಕೊಂಡೆ. ಆಮೇಲೆ ಕೂರಿಸಿ ಮಾತಾಡುವವರು ಸಿಕ್ಕರು.

ಈಗಿನ ಆಫೀಸಿನಲ್ಲಿ ಟೆಸ್ಟ್ ಕೊಟ್ಟರು. ಹಳೆಯ ಕಂಪ್ಯೂಟರ್, ಅದರಲ್ಲಿ ಎಕ್ಸೆಲ್ 2010. ನಾನು ಗೂಗಲ್ ಶೀಟ್ಸ್‌ನಲ್ಲಿ ಎಕ್ಸ್-ಲುಕಪ್ ರೂಢಿ ಮಾಡಿಕೊಂಡಿದ್ದೆ, ವಿ-ಲುಕಪ್ ಕೆಲಸವನ್ನೇ ಮಾಡುವ ಹೊಸ ಫಾರ್ಮುಲಾ ಅದು, ಸುಲಭ. ಆದರೆ ಎಕ್ಸ್-ಲುಕಪ್ ಇರುವುದು ಎಕ್ಸೆಲ್ 2021, ಅದರ ನಂತರದ ಆವೃತ್ತಿಗಳು ಮತ್ತು ಮೈಕ್ರೋಸಾಫ್ಟ್ 365ರಲ್ಲಿ, 2019ರಲ್ಲೂ ಇಲ್ಲ. ಸಂಘದ ಲೆಕ್ಕಕ್ಕೆ ವಿ-ಲುಕಪ್ ಬಳಸಿದ್ದೇ ಅಲ್ಲಿ ಕೈಹಿಡಿಯಿತು. ನಮ್ಮ ಕಡೆಯ ಆಫೀಸುಗಳಲ್ಲಿ ಹಳೆಯ ಎಕ್ಸೆಲ್ ಇನ್ನೂ ಬೇಕಾದಷ್ಟಿದೆ, ಹಾಗಾಗಿ ವಿ-ಲುಕಪ್ ಮತ್ತು ಅದರ ಹಾಗೇ ಹುಡುಕಿ ತರುವ ಇಂಡೆಕ್ಸ್-ಮ್ಯಾಚ್ ಕಲಿತೇ ಹೋಗಿ.

ಮೊದಲ ಪ್ರಶ್ನೆ, ಸೇಲ್ಸ್‌ಮನ್‌ವಾರು, ತಿಂಗಳುವಾರು ಮಾರಾಟದ ಮೊತ್ತ ತೆಗೆಯಿರಿ ಅಂತ. ಪಿವಟ್ ಅಲ್ಲವಾ ಅಂತ ಧೈರ್ಯ ಬಂತು. ಹಾಕುವ ಮುಂಚೆ ತಾರೀಕಿನ ಕಾಲಂ ನೋಡಿದೆ. ಕೆಲವು ತಾರೀಕು ಮನೆಯ ಎಡಕ್ಕೆ ಅಂಟಿಕೊಂಡಿವೆ, ಕೆಲವು ಬಲಕ್ಕೆ. ಅಲ್ಲಿಗೆ ಗೊತ್ತಾಯಿತು. ಆ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದು, ತಿಂಗಳು ಮೊದಲು ದಿನ ಆಮೇಲೆ. 13/04 ಅಂದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ಅದಕ್ಕೆ ಬರೀ ಅಕ್ಷರ ಅಂತ ಎಡಕ್ಕೆ ಬಿಟ್ಟಿದೆ. 05/04 ಅನ್ನುವ ಏಪ್ರಿಲ್ 5ನ್ನು ಮೇ 4 ಅಂತ ಮಾಡಿ ಬಲಕ್ಕೆ ಇಟ್ಟಿದೆ. ಹೀಗೇ ಪಿವಟ್ ಹಾಕಿದ್ದರೆ ಏಪ್ರಿಲ್ ಮಾರಾಟ ಮೇಗೆ ಹೋಗಿ ಕೂರುತ್ತಿತ್ತು. ಅಲ್ಲಿದ್ದ ಹಿರಿಯ ಅಕೌಂಟೆಂಟ್‌ಗೆ ಹೇಳಿದೆ, "ಸರ್, ತಾರೀಕು ಕೆಟ್ಟಿದೆ, ಮೂಲ ಫೈಲ್ ಇದ್ದರೆ ಕೊಡ್ತೀರಾ?" ಅವರು ತಲೆ ಎತ್ತಿ ನೋಡಿ ಮೂಲ ಫೈಲ್ ಕೊಟ್ಟರು. ಅದನ್ನು ತರಿಸಿಕೊಳ್ಳುವಾಗ ತಾರೀಕಿನ ಕಾಲಂಗೆ ದಿನ-ತಿಂಗಳು-ವರ್ಷ ಅನ್ನುವ ಕ್ರಮ ಆರಿಸಿದೆ. ಎಲ್ಲ ತಾರೀಕೂ ಬಲಕ್ಕೆ ಬಂದವು. ಆಮೇಲೆ ಪಿವಟ್ ಹಾಕಿದೆ. ನಿಮ್ಮ ಸ್ವಂತ ಕಂಪ್ಯೂಟರ್ ಆದರೆ ವಿಂಡೋಸ್‌ನ ರೀಜನ್ ಸೆಟ್ಟಿಂಗ್‌ನಲ್ಲಿ ಇಂಡಿಯಾ ಹಾಕಿ. ತಾರೀಕು ಸರಿಹೋಗುತ್ತದೆ, ಲಕ್ಷದ ಅಲ್ಪವಿರಾಮವೂ 12,45,600 ಅಂತ ನಮ್ಮ ಲೆಕ್ಕದಲ್ಲೇ ಬರುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ಫೈಲ್ ಮೆನುವಿನ ಸೆಟ್ಟಿಂಗ್ಸ್ ಒಳಗೆ ಲೊಕೇಲ್ ಅಂತ ಇದೆ, ಅಲ್ಲಿ ಇಂಡಿಯಾ ಆರಿಸಿ.

ಎರಡನೆಯದು ಬಿಲ್ ತಾಳೆ. ವಿ-ಲುಕಪ್ ಹಾಕಿದರೆ ಸಾಲು ಸಾಲಾಗಿ ಎನ್/ಎ, ಅಂದರೆ ಸಿಗಲಿಲ್ಲ ಅಂತ ಬಂತು. ಕಣ್ಣಿಗೆ ನೋಡಿದರೆ ಬಿಲ್ ನಂಬರ್ ಎರಡೂ ಕಡೆ ಒಂದೇ. ಎದೆ ಡವಡವ ಅಂತಿತ್ತು. ಲೆನ್ ಹಾಕಿ ಅಕ್ಷರ ಎಣಿಸಿದೆ. ಒಂದು ಕಡೆ 6, ಇನ್ನೊಂದು ಕಡೆ 7. ಕೊನೆಯಲ್ಲಿ ಕಾಣದ ಒಂದು ಖಾಲಿ ಜಾಗ. ಅಂಥ ಖಾಲಿ ಜಾಗ ತೆಗೆಯುವ ಟ್ರಿಮ್ ಹಾಕಿದ ಮೇಲೆ ಬಹಳಷ್ಟು ಸರಿಯಾದವು. ಉಳಿದವು ಬರೀ ಅಂಕಿಯ ಬಿಲ್ ನಂಬರ್‌ಗಳು. ಒಂದು ಶೀಟಿನಲ್ಲಿ ಸಂಖ್ಯೆಯಾಗಿ, ಇನ್ನೊಂದರಲ್ಲಿ ಅಕ್ಷರವಾಗಿ ಇದ್ದವು. ಎರಡನ್ನೂ ಅಕ್ಷರ ಮಾಡಿದ ಮೇಲೆ ಸಿಕ್ಕವು. ಕೊನೆಗೆ ಉಳಿದ ಕೆಲವು ಬಿಲ್ಲುಗಳು ನಿಜವಾಗಿಯೂ ಇರಲಿಲ್ಲ, ಅವರು ಬೇಕೆಂದೇ ತೆಗೆದಿಟ್ಟಿದ್ದರು. ವೆಬ್‌ಸೈಟಿನಿಂದ ಕಾಪಿ ಮಾಡಿದ ಪಟ್ಟಿಯಲ್ಲಿ ಟ್ರಿಮ್‌ಗೂ ಹೋಗದ ಖಾಲಿ ಜಾಗ ಇರುತ್ತದೆ. ಅದರ ಕ್ಯಾರೆಕ್ಟರ್ ನಂಬರ್ 160, ಸಬ್‌ಸ್ಟಿಟ್ಯೂಟ್ ಫಾರ್ಮುಲಾದಿಂದ ತೆಗೆಯಬೇಕು. ನನಗೆ ಅವತ್ತು ಅದು ಬರಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಎದುರಾಯಿತು.

ಟೆಸ್ಟ್ ಆದ ಮೇಲೆ ತಿಳಿಸ್ತೀವಿ ಅಂದರು. ಆಮೇಲೆ ಕಾದಿದ್ದು ಕಲಿತದ್ದಕ್ಕಿಂತ ಕಷ್ಟ. ಫೋನ್ ಬಂದಾಗಲೆಲ್ಲ ಓಡುತ್ತಿದ್ದೆ. ಎರಡು ವಾರದ ಮೇಲೆ ನಾನೇ ಒಂದು ಫೋನ್ ಮಾಡಿದೆ. "ಹೌದಮ್ಮ, ಹೇಳೋಣ ಅಂತಿದ್ವಿ, ಒಂದನೇ ತಾರೀಕು ಬಂದುಬಿಡಿ" ಅಂದರು. ಸಣ್ಣ ಆಫೀಸುಗಳಲ್ಲಿ ಹೀಗೇ, ನೀವೇ ಒಮ್ಮೆ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಖರ್ಚು ಹೀಗಿದೆ. ಕೀಬೋರ್ಡ್ ಮತ್ತು ಕೇಬಲ್ 470. ಸೈಬರ್ ಸೆಂಟರಿಗೆ ಎಲ್ಲ ಸೇರಿ 900ರ ಹತ್ತಿರ. ಹೆಚ್ಚುವರಿ ಡೇಟಾ ಪ್ಯಾಕಿಗೆ 500. ಜೆರಾಕ್ಸ್, ಪ್ರಿಂಟ್, ಫೋಟೋ 200. ಎರಡು ಸಾವಿರ ದಾಟಿದ್ದು ಸ್ವಲ್ಪವೇ.

ಕೊನೆಯದಾಗಿ ಕಾಗದಪತ್ರ. ಸೇರುವ ದಿನ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಪಾಸ್‌ಬುಕ್ ಕೇಳಿದರು. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಮದುವೆಯಾದ ಮೇಲೆ ನಮ್ಮ ಮನೆಯವರ ಹೆಸರು ಸೇರಿದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು. ಪಿಎಫ್ ನಂಬರ್ ಮಾಡಿಸಲು ಆಧಾರ್ ಹೆಸರು ಹೊಂದಬೇಕು. ನೋಟರಿ ಹತ್ತಿರ ಮೂರೂ ಹೆಸರು ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸಿ ಆಫೀಸಿಗೆ ಕೊಟ್ಟೆ, ಪ್ಯಾನ್ ತಿದ್ದುಪಡಿಗೆ ಅರ್ಜಿ ಹಾಕಿದ್ದೇನೆ, ಅದು ಇನ್ನೂ ಬಂದಿಲ್ಲ. ಸಂಬಳ 21,000ದ ಒಳಗಿದ್ದು ಸಂಸ್ಥೆಗೆ ನೌಕರರ ವಿಮೆಯಾದ ಇಎಸ್‌ಐ ಅನ್ವಯ ಆಗುತ್ತಿದ್ದರೆ ಅದಕ್ಕೂ ಮನೆಯವರ ವಿವರ, ಫೋಟೋ ಬೇಕು. ಮದುವೆಯಾದ ಹೆಣ್ಣುಮಕ್ಕಳು ಎಕ್ಸೆಲ್ ಕಲಿಯಲು ಕೂತ ವಾರವೇ ಈ ಮೂರು ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು ನೋಡಿಕೊಳ್ಳಿ. ತಿದ್ದುಪಡಿಗೆ ಹಿಡಿಯುವ ಸಮಯದಲ್ಲಿ ವಿ-ಲುಕಪ್ ಕಲಿತು ಮುಗಿದಿರುತ್ತದೆ.